ಹೆಡಿಂಗ್ಲೀಯಲ್ಲಿ ಸಿಕ್ಕ ಪಗಡೆ ಹಾಸು

ನೀಲಮ್ಮನವರು ಪಗಡೆ ಹಾಸನ್ನು ಮಗುಚಿ ಹಾಕಿ ಅದರ ಬೆನ್ನ ಮೇಲೆ ಹೆಬ್ಬೆರಳು ಆಡಿಸಿದರು.

ಮೇಜಿನ ಸುತ್ತ ಕೂತವರೆಲ್ಲ ಅದುವರೆಗೆ ನೋಡಿದ್ದು ಹಾಸಿನ ಮುಖವನ್ನು. ನಾಲ್ಕು ತೋಳು, ಕೆಂಪು ಅಂಚು, ಅರಿಸಿನ ಬಣ್ಣದ ಮನೆಗಳು, ನಡುವೆ ಕಾಯಿ ಹಣ್ಣಾಗುವ ಚೌಕ. ತಿರುಗಿಸಿ ನೋಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಬೆನ್ನೂ ಮುಖದಷ್ಟೇ ಚೊಕ್ಕಟವಾಗಿತ್ತು. ಒಂದು ಗಂಟಿಲ್ಲ, ಒಂದು ದಾರದ ತುದಿ ಹೊರಗೆ ಬಂದಿಲ್ಲ. ಧಾರವಾಡದ ಕಡೆಯ ಕಸೂತಿ ಬಲ್ಲ ಕೈಯ ಕೆಲಸ.

“ಇದ ನಮ್ಮದು,” ಎಂದರು ಅವರ ಗಂಡ ಕರಬಸಪ್ಪ. “ನಮ್ಮ ಅತ್ತಿ ಹೊಲದದ್ದು. ಕಣ್ಣು ಮುಚ್ಚಿ ಮುಟ್ಟಿದ್ರೂ ಗುರ್ತು ಹಿಡೀತೀನಿ.”

ಕಳೆದ ವಾರ ಲೀಡ್ಸಿನ ಹೆಡಿಂಗ್ಲೀಯಲ್ಲಿ ದಾನವಾಗಿ ಬಂದ ಹಳೆಯ ಸಾಮಾನು ಮಾರುವ ಚಾರಿಟಿ ಅಂಗಡಿಯೊಂದರಲ್ಲಿ ಇಂಚರಾ ಕೊಂಡ ಹಳೆಯ ಕುದುರೆ ರೇಸಿನ ಆಟದ ಪೆಟ್ಟಿಗೆಯಲ್ಲಿ, ರಟ್ಟಿನ ತಳದ ಅಡಿ, ಈ ಹಾಸು ಮಡಿಸಿ ಕೂತಿತ್ತು.

ಇಂಚರಾಳ ತಾಯಿ ಡಾಕ್ಟರ್ ಸುಚೇತಾ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಜಿಪಿ, ಅಂದರೆ ಕುಟುಂಬ ವೈದ್ಯೆ. ಯಾರೋ ಆಡಿ ಬಿಟ್ಟ ಹಳೆಯ ಆಟಗಳನ್ನು ಚಾರಿಟಿ ಅಂಗಡಿಗಳಿಂದ ತರುವುದು ಅವಳಿಗೆ ಮದುವೆಗಿಂತ ಹಿಂದಿನ ಚಟ. ಮನೆಯ ಒಂದು ಕಪಾಟು ತುಂಬ ಅವೇ. ಯಾವ ಪೆಟ್ಟಿಗೆಯೂ ಪೂರ್ತಿಯಿಲ್ಲ. ಕಳೆದುಹೋದ ಕಾಯಿಯ ಬದಲು ಕೋಟಿನ ಗುಂಡಿ, ಹುಣಸೆಬೀಜ, ಯಾರದೋ ಒಂಟಿ ಓಲೆ. ಒಂದು ಮುಚ್ಚಳದ ಒಳಗೆ ಯಾವ ಕಾಲದ್ದೋ ಮಗುವಿನ ಅಕ್ಷರದಲ್ಲಿ ‘ಡೇವಿಡ್ ಮೋಸ ಮಾಡುತ್ತಾನೆ’ ಎಂದು ಇಂಗ್ಲಿಷಿನಲ್ಲಿ ಬರೆದಿದೆ. ಆ ಆಟ ಆಡುವಾಗಲೆಲ್ಲ ಸೋತವರು ಡೇವಿಡ್‌ನನ್ನು ಬೈಯುವುದು ಮನೆಯ ಪದ್ಧತಿ.

ಭಾನುವಾರ ಟಿವಿಡೇಲ್‌ನ ಬಾಲಾಜಿ ಗುಡಿಗೆ ಹೋಗಿ ಬಂದು, ಊಟ ಮಾಡಿ, ಗೆಳೆಯರೆಲ್ಲ ಅವಳ ಮನೆಯಲ್ಲಿ ಆಡಲು ಕೂರುತ್ತಾರೆ. ಇನ್ನೊಂದು ಕಾರಣಕ್ಕೂ ಆ ಮನೆಗೆ ಜನ ಬರುವುದುಂಟು. ಏನಾದರೂ ಕಳೆದುಹೋದರೆ, ಯಾರದಾದರೂ ಮೇಲೆ ಅನುಮಾನ ಬಂದರೆ, ಇಲ್ಲಿನ ಕನ್ನಡದವರು ಮೊದಲು ಫೋನ್ ಮಾಡುವುದು ಸುಚೇತಾಗೆ. ಪ್ರಶ್ನೆ ಕೇಳುವುದು ಅವಳಿಗೆ ಗೊತ್ತು. ಕೇಳಿದ ಮೇಲೆ ಸುಮ್ಮನೆ ಕಾಯುವುದು ಇನ್ನೂ ಚೆನ್ನಾಗಿ ಗೊತ್ತು.

ಕರಬಸಪ್ಪನವರು ನಿವೃತ್ತ ಮೂಳೆ ಡಾಕ್ಟರು. ಸುಚೇತಾ ಈ ದೇಶಕ್ಕೆ ಬಂದ ಹೊಸದರಲ್ಲಿ ಅವರ ಕೈಕೆಳಗೆ ಕೆಲಸ ಮಾಡಿದ್ದಳು. ಆ ಮನೆಯ ಹಾಸು ಕಳೆದುಹೋದ ಕತೆ ಅವಳಿಗೆ ಹೊಸದಲ್ಲ. ವರ್ಷಗಳ ಹಿಂದೆ ಒಂದು ಯುಗಾದಿಯ ದಿನ ಕರಬಸಪ್ಪನವರ ಮನೆಯಲ್ಲಿ ಊಟವಾಗಿ, ಪಗಡೆಯಾಗಿ, ಮಕ್ಕಳ ಗದ್ದಲವಾಗಿ, ಎಲ್ಲರೂ ಹೊರಟುಹೋದ ಮೇಲೆ ನೋಡಿದರೆ ಹಾಸು ಇಲ್ಲ. ಅನುಮಾನ ಹೋದದ್ದು ಅವರ ಜೀವದ ಗೆಳೆಯ ಡಾಕ್ಟರ್ ಹಯವದನರ ಮೇಲೆ. ಯಾಕೆಂದರೆ ಆ ಹಾಸನ್ನು ಕಂಡಾಗಲೆಲ್ಲ ‘ನನಗೆ ಕೊಟ್ಟುಬಿಡಯ್ಯ’ ಎನ್ನುತ್ತಿದ್ದವರು ಅವರೊಬ್ಬರೇ. ಕೆಲವು ವಾರ ಕಳೆದು, ಬಾಲಾಜಿ ಗುಡಿಯ ಊಟದ ಸಾಲಿನಲ್ಲಿ, ಹತ್ತು ಜನ ಕೇಳುವಂತೆ ಕರಬಸಪ್ಪ ‘ಕಳ್ಳ’ ಎಂಬ ಒಂದು ಮಾತು ಆಡಿದರು. ಹಯವದನರು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು ಹೊರಗೆ ನಡೆದರು. ಅದೇ ವರ್ಷ ಮನೆ ಮಾರಿ ಲೀಡ್ಸಿಗೆ ಹೋದರು. ಅವತ್ತಿನಿಂದ ಇಬ್ಬರ ನಡುವೆ ಮಾತಿಲ್ಲ.

“ಇಲ್ಲಿ ನೋಡು,” ಎಂದು ಕರಬಸಪ್ಪ ಹಾಸನ್ನು ಮತ್ತೆ ಮುಖ ಮೇಲಾಗಿ ತಿರುಗಿಸಿ ಒಂದು ತೋಳಿನ ಮೇಲೆ ಬೆರಳಿಟ್ಟರು.

ಅಲ್ಲಿ ಒಂದು ಮನೆಯಲ್ಲಿ ಕತ್ತರಿ ಗುರುತಿತ್ತು. ಅಂಥ ಮನೆಗೆ ಕಟ್ಟೆ ಎನ್ನುತ್ತಾರೆ. ಕಟ್ಟೆಯಲ್ಲಿ ಕೂತ ಕಾಯಿಯನ್ನು ಯಾರೂ ಕಡಿಯುವ ಹಾಗಿಲ್ಲ.

ಕರಬಸಪ್ಪ ವಿವರಿಸಿದರು. ಅವರ ಅತ್ತೆ, ನೀಲಮ್ಮನವರ ತಾಯಿ, ಹಾಸು ಹೊಲಿಯುವಾಗ ಈ ಒಂದು ಮನೆಯ ಕಟ್ಟೆ ಹಾಕುವುದನ್ನು ಮರೆತಿದ್ದರು. ಪ್ರತಿ ಭಾನುವಾರ ಆ ತೋಳಿನ ಎದುರು ಕೂರುತ್ತಿದ್ದವರು ಹಯವದನ. ತಮ್ಮ ಕಾಯಿ ಅಲ್ಲಿ ಕಡಿಸಿಕೊಂಡಾಗಲೆಲ್ಲ, ನಿಮ್ಮತ್ತೆ ನನ್ನ ಮೇಲಿನ ಹಗೆಗೇ ಹೀಗೆ ಹೊಲಿದಿದ್ದಾರೆ ಎಂದು ರೇಗುತ್ತಿದ್ದರು.

“ಈಗ ಕಟ್ಟಿ ಐತಿ,” ಎಂದರು ಕರಬಸಪ್ಪ. “ಯಾರಿಗೆ ಬೇಕಾಗಿತ್ತೋ ಅವರ ಹೊಲಕೊಂಡಾರ. ಇದಕ್ಕಿಂತ ಸಾಕ್ಷಿ ಏನ ಬೇಕು?”

ಸುಚೇತಾ ಹಾಸನ್ನು ಕಿಟಕಿಯ ಬಳಿ ಒಯ್ದಳು. ಮಧ್ಯಾಹ್ನದ ಬಿಸಿಲಿನಲ್ಲಿ ಆ ಕತ್ತರಿ ಗುರುತನ್ನು ಅದರ ಪಕ್ಕದ ತೋಳಿನ ಗುರುತಿನ ಜೊತೆ ಇಟ್ಟು ನೋಡಿದಳು. ಹಿಂದೆಂದೋ ಬಿಟ್ಟುಹೋದದ್ದನ್ನು ಇತ್ತೀಚೆಗೆ ಸೇರಿಸಿದ್ದರೆ ಆ ದಾರದ ಬಣ್ಣ ಗಾಢವಾಗಿರಬೇಕಿತ್ತು. ಇರಲಿಲ್ಲ. ಎರಡೂ ಒಂದೇ ಹದಕ್ಕೆ ಮಾಸಿದ್ದವು. ಎರಡರ ಬೆನ್ನಲ್ಲೂ ಗಂಟಿಲ್ಲ.

ಹಯವದನರು ಮನೋವೈದ್ಯರು. ಅವರಿಗೆ ಅಂಗಿಯ ಗುಂಡಿ ಹೊಲಿಯಲೂ ಬರುತ್ತಿರಲಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಅವರು ಬೇರೆ ಯಾರಿಂದಲೋ ಹೊಲಿಸಿರಬಹುದು. ಹೊಲಿಸಿದರೂ ಹೊಸ ದಾರ ಹಳೆಯದಾಗುವುದು ಹೇಗೆ? ಸುಚೇತಾಳ ಮನಸ್ಸಿನಲ್ಲಿ ಆ ಪ್ರಶ್ನೆ ಹಾಗೇ ಉಳಿಯಿತು.

ಇನ್ನೊಂದು ಸಂಗತಿಯನ್ನೂ ಅವಳು ಗಮನಿಸಿದ್ದಳು. ಕರಬಸಪ್ಪ ಇಷ್ಟೆಲ್ಲ ಹೇಳುವಾಗ ನೀಲಮ್ಮನವರು ಇದು ನಮ್ಮದು ಎಂದೂ ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಯಾರು ಕದ್ದರೆಂದು ಕೇಳಲಿಲ್ಲ. ಕೇಳಿದ್ದು ಒಂದೇ, ಅದೂ ಇಂಚರಾಳನ್ನು.

“ಆ ಅಂಗಡಿ ಯಾವ ಓಣ್ಯಾಗ ಐತಿ, ಮಗಳ? ದಿನಾ ತೆಗದಿರತೈತೇನು?”

ಇಂಚರಾ ಲೀಡ್ಸಿನಲ್ಲಿ ಓದುವ ಹುಡುಗಿ. ವಾರಾಂತ್ಯಕ್ಕೆ ಮನೆಗೆ ಬಂದಿದ್ದಳು. ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಹೊರಡುತ್ತದೆ. ಬಸ್ ಸ್ಟಾಪಿನ ಎದುರಿಗೇ ಇದೆ, ಶನಿವಾರ ಸಂಜೆಯವರೆಗೂ ತೆರೆದಿರುತ್ತದೆ, ಅಲ್ಲಿ ಕೆಲಸ ಮಾಡುವವರೆಲ್ಲ ಸಂಬಳವಿಲ್ಲದೆ ಬರುವ ವಯಸ್ಸಾದವರು ಎಂದು ಹೇಳಿದಳು.

ನೀಲಮ್ಮನವರು ತಲೆಯಾಡಿಸಿ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು.

ಅವತ್ತು ಪಗಡೆ ಆಡಲು ಯಾರಿಗೂ ಮನಸ್ಸಾಗಲಿಲ್ಲ. ಸುಚೇತಾಳ ಗಂಡ ಅನಂತ ಕುದುರೆ ರೇಸಿನ ಆಟವನ್ನೇ ಹರಡಿದ. ಆರು ಕುದುರೆಗಳಲ್ಲಿ ಒಂದು ಇರಲಿಲ್ಲ. ಅದರ ಬದಲು ಬೆಳ್ಳುಳ್ಳಿಯ ಎಸಳೊಂದನ್ನು ಓಟಕ್ಕೆ ನಿಲ್ಲಿಸಿದ. ಅನಂತ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ರೋಗಿಗಳನ್ನು ಮಲಗಿಸುವುದು ಅವನ ಕೆಲಸ, ಆಟಕ್ಕೆ ಕೂತವರನ್ನು ನಗಿಸುವುದು ಅವನ ಹವ್ಯಾಸ. ಸ್ವಲ್ಪ ಹೊತ್ತಿನಲ್ಲಿ ಕರಬಸಪ್ಪನವರೂ ತಮ್ಮ ಕುದುರೆಯನ್ನು ಬೈಯತೊಡಗಿದರು. ಗೆದ್ದದ್ದು ಬೆಳ್ಳುಳ್ಳಿ.

ಚಹಾದ ಹೊತ್ತಿಗೆ ಸುಚೇತಾ ತನ್ನ ನಿರ್ಧಾರ ಹೇಳಿದಳು. ಬರುವ ಶನಿವಾರ ಲೀಡ್ಸಿಗೆ ಹೋಗಿ ಹಯವದನರನ್ನು ಮುಖಾಮುಖಿ ಕೇಳುತ್ತೇನೆ ಎಂದಳು. ಕರಬಸಪ್ಪನವರು ಚಹಾ ಕಲಕುತ್ತ ಕೂತರು.

ನೀಲಮ್ಮನವರು ಮಾತ್ರ, “ನಾನೂ ಬರತೀನಿ,” ಎಂದರು.

“ನಿನಗ ಮಂಡಿನೋವು,” ಎಂದರು ಕರಬಸಪ್ಪ.

“ಮಂಡಿ ಕಾರಿನ್ಯಾಗ ಕೂತ ಬರತಾವ.”

* * *

ಶನಿವಾರ ಬೆಳಿಗ್ಗೆ ಇಬ್ಬರು ಹಿರಿಯರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಅನಂತ ಕಾರು ಹೊರಡಿಸಿದ. ದಾರಿಯುದ್ದಕ್ಕೂ ನೀಲಮ್ಮನವರು ತಾವು ಕಟ್ಟಿಕೊಂಡು ಬಂದಿದ್ದ ಅವಲಕ್ಕಿ ಹಂಚುತ್ತ ಬಂದರು. ಗುಡ್ಡಗಳ ಮೇಲಿನ ಹೆದ್ದಾರಿಯಲ್ಲಿ ಗಾಳಿ ಕಾರನ್ನು ತಳ್ಳುವಾಗ ಕರಬಸಪ್ಪ ಒಂದು ಷರತ್ತು ಹಾಕಿದರು. ತಾವು ಇಂಚರಾಳ ಮನೆಯಲ್ಲೇ ಇರುವವರು, ಆ ಮನುಷ್ಯನ ಹೊಸ್ತಿಲು ತುಳಿಯುವವರಲ್ಲ.

ಇಂಚರಾ ಹೆಡಿಂಗ್ಲೀಯ ಕೆಂಪಿಟ್ಟಿಗೆಯ ಸಾಲುಮನೆಗಳಲ್ಲೊಂದರಲ್ಲಿ ಗೆಳತಿಯರೊಂದಿಗೆ ಇದ್ದಳು. ಗೆಳತಿಯರು ರಜೆಗೆ ಊರಿಗೆ ಹೋಗಿದ್ದರು. ಎಲ್ಲರನ್ನೂ ಅಲ್ಲಿ ಇಳಿಸಿ, ಹಾಸನ್ನು ಚೀಲದಲ್ಲಿ ಇಟ್ಟುಕೊಂಡು, ಸುಚೇತಾ ಒಬ್ಬಳೇ ಹಯವದನರ ಮನೆಗೆ ನಡೆದಳು.

ಬಾಗಿಲು ತೆರೆದ ಹಯವದನರು ಅವಳನ್ನು ಕೂಡಲೇ ಗುರುತಿಸಿದರು. ಮೈ ಇಳಿದಿತ್ತು, ಕೂದಲು ಪೂರಾ ಬೆಳ್ಳಗಾಗಿತ್ತು, ಕಣ್ಣಿನ ತುಂಟತನ ಹಾಗೇ ಇತ್ತು. ಮುಂಗೋಣೆಯ ಗೋಡೆಯುದ್ದಕ್ಕೂ ಹಳೆಯ ಆಟಗಳ ಪೆಟ್ಟಿಗೆಗಳು. ಅಂಚಿಗೆ ಟೇಪು ಹಚ್ಚಿದವು, ಬಣ್ಣ ಹಾರಿದವು. ಕಿಟಕಿಯ ಬಳಿಯ ಪುಟ್ಟ ಮೇಜಿನ ಮೇಲೆ ಚದುರಂಗ ಅರ್ಧಕ್ಕೆ ನಿಂತಿತ್ತು. ಎರಡು ಕುರ್ಚಿ, ಒಂದೇ ಚಹಾ ಲೋಟ. ಎರಡೂ ಕಡೆ ಆಡುತ್ತಿದ್ದವರು ಅವರೊಬ್ಬರೇ.

ಅವರು ಚಹಾ ಮಾಡಲು ಹೊರಟಾಗ ಸುಚೇತಾ ತಡೆದಳು. ಚದುರಂಗದ ಪಕ್ಕದಲ್ಲಿ ಹಾಸನ್ನು ಹರಡಿದಳು.

ಹಯವದನರು ಕನ್ನಡಕ ಹಾಕಿಕೊಂಡರು. ಹಾಕಿಕೊಳ್ಳಲು ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಂಡರು.

“ಎಲ್ಲಿ ಸಿಕ್ತು ಇದು?”

“ಇಲ್ಲೇ ಹೆಡಿಂಗ್ಲೀಲಿ. ಚಾರಿಟಿ ಅಂಗಡೀಲಿ.”

“ನನ್ನ ಮನೆಯಿಂದ ನಡೆದು ಹೋಗುವಷ್ಟು ದೂರ. ಅದಕ್ಕೇ ನಾನೇ ಕೊಟ್ಟಿರಬೇಕು ಅಂತ.”

“ನಾನು ಹಾಗಂದಿಲ್ಲ. ಕೇಳೋಕೆ ಬಂದಿದ್ದೀನಿ.”

“ಕರಬಸಪ್ಪ ಅಂದಿರಬೇಕಲ್ಲ?”

“ಹೌದು,” ಎಂದಳು ಸುಚೇತಾ. “ನಿಮಗೆ ಬೇಕಿದ್ದ ಕಟ್ಟೆಯನ್ನ ನೀವೇ ಹೊಲಿಸಿಕೊಂಡಿದ್ದೀರಿ ಅಂತಾನೂ ಅಂದರು.”

ಅವಳು ಆ ಮನೆಯನ್ನು ತೋರಿಸಿದಳು. ಹಯವದನರು ಬಗ್ಗಿ ನೋಡಿದರು. ಹಾಸಿನ ಸುತ್ತ ಒಂದು ಸಲ ಬೆರಳು ಆಡಿಸಿ, ಎಲ್ಲ ಕಟ್ಟೆಗಳನ್ನೂ ಮುಟ್ಟಿ, ಮತ್ತೆ ಅಲ್ಲಿಗೇ ಬಂದರು. ಅವರ ಮುಖದಲ್ಲಿ ಸುಚೇತಾ ಅಂಜಿಕೆಯನ್ನು ನಿರೀಕ್ಷಿಸಿದ್ದಳು. ಕಂಡದ್ದು ಬೆರಗು.

“ಈ ಹಾಸಿನ ಮೇಲೆ ನಾನು ಯಾವತ್ತೂ ಆಡಿಲ್ಲ, ಸುಚೇತಾ.”

“ಅದು ಹೇಗೆ ಅಷ್ಟು ಖಚಿತವಾಗಿ ಹೇಳ್ತೀರಿ?”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಾನು ಆಡಿದ ಹಾಸು ಮಹಡಿ ಮೇಲಿದೆ. ನನ್ನ ಹತ್ತಿರ.”

ಸುಚೇತಾ ಕಾಯುತ್ತ ಕೂತಳು. ಹಯವದನರು ಕಂಬಿ ಹಿಡಿದು ಮೆಟ್ಟಿಲು ಹತ್ತಿದರು. ಕೆಳಗೆ ಬಂದಾಗ ಕೈಯಲ್ಲಿ ಬಿಳಿಯ ದಿಂಬಿನ ಚೀಲವಿತ್ತು. ಅದರೊಳಗಿಂದ ಒಂದು ಹಾಸು, ಒಂದು ಹಿಡಿ ಕವಡೆ.

ಎರಡನ್ನೂ ಅಕ್ಕಪಕ್ಕ ಹರಡಿದರು. ಅದೇ ಕೆಂಪು ಅಂಚು, ಅದೇ ಅರಿಸಿನದ ಮನೆಗಳು, ಅದೇ ಗಂಟಿಲ್ಲದ ಕಸೂತಿ. ಅವಳಿಜವಳಿ ಮಕ್ಕಳ ಹಾಗೆ ಇದ್ದವು. ಈ ಎರಡನೆಯದರಲ್ಲಿ ಮಾತ್ರ ಒಂದು ತೋಳಿನ ಕಟ್ಟೆ ಇರಲಿಲ್ಲ. ಕರಬಸಪ್ಪ ಹೇಳಿದ್ದ ಅದೇ ಮನೆ ಬೋಳಾಗಿತ್ತು.

ದಾರ ಯಾಕೆ ಹೊಸದಾಗಿ ಕಾಣಲಿಲ್ಲವೆಂದು ಸುಚೇತಾಗೆ ಈಗ ತಿಳಿಯಿತು. ಯಾರೂ ಏನನ್ನೂ ಸೇರಿಸಿರಲಿಲ್ಲ. ಅಂಗಡಿಯಲ್ಲಿ ಸಿಕ್ಕಿದ್ದು ಮೊದಲಿನಿಂದಲೂ ಸರಿಯಾಗಿಯೇ ಹೊಲಿದ ಇನ್ನೊಂದು ಹಾಸು.

“ಹಾಗಾದರೆ ನೀವು ತಗೊಂಡದ್ದು ನಿಜ,” ಎಂದಳು.

“ನನ್ನ ಮನೆಗೆ ಬಂದದ್ದು ನಿಜ.”

ಅವರು ನಿಧಾನವಾಗಿ ಹೇಳಿದರು. ಆ ಯುಗಾದಿಯ ದಿನ ಮಕ್ಕಳಿಗೆಂದು ಅವರು ತಮ್ಮ ದೊಡ್ಡ ಹಾವು ಏಣಿ ಆಟವನ್ನು ಒಯ್ದಿದ್ದರು. ಸಂಜೆ ಮಕ್ಕಳೇ ಎಲ್ಲ ಎತ್ತಿಟ್ಟರು. ಕಂಡದ್ದನ್ನೆಲ್ಲ ಕಂಡ ಪೆಟ್ಟಿಗೆಗೆ ತುಂಬಿದರು. ಇವರು ಪೆಟ್ಟಿಗೆ ತಂದು ಕಪಾಟಿನ ಮೇಲೆ ಹಾಕಿದವರು ಮತ್ತೆ ತೆಗೆದದ್ದು ಲೀಡ್ಸಿಗೆ ಸಾಮಾನು ಕಟ್ಟುವಾಗ. ಅಷ್ಟರಲ್ಲಿ ಗುಡಿಯ ಊಟದ ಸಾಲಿನ ಮಾತು ಆಡಿಯಾಗಿತ್ತು.

“ತಂದುಕೊಟ್ಟರೆ ಕಳ್ಳ ಅಂತ ಒಪ್ಪಿಕೊಂಡ ಹಾಗೆ,” ಎಂದರು. “ಇಟ್ಟುಕೊಂಡರೆ ನಿಜವಾಗಲೂ ಕಳ್ಳ. ರೋಗಿಗಳಿಗೆಲ್ಲ ಬಾಯಿಬಿಟ್ಟು ಹೇಳಿ ಅಂತ ಬುದ್ಧಿ ಹೇಳಿದವನು ನಾನು. ನನ್ನ ಬಾಯಿ ಮಾತ್ರ ತೆರೀಲಿಲ್ಲ.”

“ಕರಬಸಪ್ಪ ಸರ್ ಇಲ್ಲೇ ಇದ್ದಾರೆ. ನನ್ನ ಮಗಳ ಮನೇಲಿ.”

ಹಯವದನರು ಚದುರಂಗದ ಕಡೆ ನೋಡಿದರು. ಆಮೇಲೆ ಮತ್ತೆ ಮಹಡಿ ಹತ್ತಿದರು. ಅವರು ಬರುವುದಿಲ್ಲವೇನೋ ಎಂದು ಸುಚೇತಾ ಅಂದುಕೊಳ್ಳುವಷ್ಟರಲ್ಲಿ ಇಳಿದು ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು.

* * *

ಇಂಚರಾಳ ಅಡುಗೆಮನೆಯ ಮೇಜಿನಲ್ಲಿ ಕರಬಸಪ್ಪನವರೂ ಅನಂತನೂ ಅಕ್ಷರ ಜೋಡಿಸುವ ಹಳೆಯ ಆಟವೊಂದರಲ್ಲಿ ಮುಳುಗಿದ್ದರು. ಅಲ್ಲಿಯೂ ಬಿಲ್ಲೆಗಳು ಕಡಿಮೆ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಪದ ಕಟ್ಟಬಹುದು ಎಂದು ಅನಂತ ನಿಯಮ ಮಾಡಿದ್ದ. ಧಾರವಾಡದ ಪದ ನಡೆಯುತ್ತದೋ ಇಲ್ಲವೋ ಎಂದು ವಾದ ಎದ್ದಿತ್ತು. ನೀಲಮ್ಮನವರು ಮನೆಯಲ್ಲಿ ಇರಲಿಲ್ಲ. ಇಂಚರಾಳ ಕೈ ಹಿಡಿದುಕೊಂಡು ಆ ಅಂಗಡಿ ನೋಡಿ ಬರುತ್ತೇನೆಂದು ಹೋಗಿದ್ದರು.

ಬಾಗಿಲಲ್ಲಿ ಹಯವದನರನ್ನು ಕಂಡು ಕರಬಸಪ್ಪನವರ ಕೈಯಲ್ಲಿದ್ದ ಬಿಲ್ಲೆ ಅಲ್ಲೇ ನಿಂತಿತು.

ಹಯವದನರು ನಮಸ್ಕಾರ ಮಾಡಲಿಲ್ಲ. ಮೇಜಿನ ಬಳಿಗೆ ಬಂದು, ಬಿಲ್ಲೆಗಳನ್ನು ಸರಿಸಿ, ದಿಂಬಿನ ಚೀಲದಿಂದ ಹಾಸು ತೆಗೆದು ಹರಡಿದರು. ಕರಬಸಪ್ಪನವರ ಬೆರಳು ತಾನಾಗಿ ಆ ಬೋಳು ಮನೆಯ ಮೇಲೆ ಹೋಯಿತು. ಅಲ್ಲೇ ಬಹಳ ಹೊತ್ತು ಇತ್ತು.

ಹಾವು ಏಣಿಯ ಪೆಟ್ಟಿಗೆಯ ಕತೆಯನ್ನು ಹಯವದನರು ನಿಂತುಕೊಂಡೇ ಹೇಳಿ ಮುಗಿಸಿದರು.

“ಇಷ್ಟು ವರ್ಷ ಯಾಕ ಹೇಳಲಿಲ್ಲ ನೀ?” ಎಂದರು ಕರಬಸಪ್ಪ.

“ನೀನು ಕೇಳಿದ್ದರೆ ಹೇಳ್ತಿದ್ದೆ. ನೀನು ಕೇಳಲಿಲ್ಲ. ಅಂದುಬಿಟ್ಟೆ.”

ಕರಬಸಪ್ಪನವರು ಕುರ್ಚಿಯಿಂದ ಎದ್ದರು. ಅವರು ಎತ್ತರದ ಆಳು. ಈಗ ಬೆನ್ನು ಬಾಗಿತ್ತು.

“ಅವತ್ತ ಮಂದಿ ಮುಂದ ಅಂದೆ,” ಎಂದರು. “ಇವತ್ತೂ ಇಲ್ಲಿ ಮಂದಿ ಅದಾರ. ತಪ್ಪಾತು, ಹಯವದನ. ನನ್ನದ ತಪ್ಪು.”

ಕರಬಸಪ್ಪ ಒಂದು ಕುರ್ಚಿಯನ್ನು ಎಳೆದು ಹಾಕಿದರು. ಆ ಬೋಳು ಮನೆಯ ತೋಳಿನ ಎದುರಿಗೆ ಹಾಕಿದ್ದರು. ಹಯವದನರು ಅದನ್ನು ನೋಡಿ, ಆ ಜಾಗ ಈಗ ನಿನಗೆ ಎಂದು ಇನ್ನೊಂದು ಬದಿಗೆ ಹೋಗಿ ಕೂತರು. ಕರಬಸಪ್ಪ ನಕ್ಕು ಅಲ್ಲೇ ಕೂತರು.

ಕವಡೆ ಇತ್ತು, ಕಾಯಿ ಇರಲಿಲ್ಲ. ಅನಂತ ಮಗಳ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತಡಕಾಡಿ ಒಬ್ಬರಿಗೆ ರಾಜ್ಮಾ, ಇನ್ನೊಬ್ಬರಿಗೆ ಕಡಲೆಕಾಳು ಕೊಟ್ಟು, ತನಗೆ ಹಸಿ ಪಾಸ್ತಾ ಇಟ್ಟುಕೊಂಡ. ಮೊದಲ ಗರ ಬಿದ್ದಾಗ ಕರಬಸಪ್ಪನವರು ಹಳೆಯ ರೂಢಿಯಂತೆ ಮೇಜಿಗೆ ಅಂಗೈ ಬಡಿದರು. ಹಯವದನರು ಹಳೆಯ ರೂಢಿಯಂತೆ ಅವರ ಲೆಕ್ಕ ತಪ್ಪೆಂದು ತಕರಾರು ತೆಗೆದರು. ಸ್ವಲ್ಪ ಹೊತ್ತಿನಲ್ಲೇ ಕರಬಸಪ್ಪನವರ ಒಂದು ರಾಜ್ಮಾಕಾಳು ಆ ಬೋಳು ಮನೆಯಲ್ಲಿ ಸಿಕ್ಕಿಬಿತ್ತು. ಹಯವದನರು ಅದನ್ನು ಕಡಿದು, ನಿಮ್ಮತ್ತೆ ದೊಡ್ಡವರು ಕಣಯ್ಯ, ಅಳಿಯ ಅಂತಲೂ ನೋಡಲಿಲ್ಲ ಎಂದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಸುಚೇತಾ ಒಲೆಯ ಬಳಿ ಚಹಾಕ್ಕೆ ನೀರಿಟ್ಟು ಅವರನ್ನು ನೋಡುತ್ತ ನಿಂತಳು. ಎಷ್ಟೋ ವರ್ಷದಿಂದ ಕಾಲಲ್ಲಿ ಮುರಿದಿದ್ದ ಮುಳ್ಳು ಕಿತ್ತು ಬಂದ ಹಾಗಿತ್ತು. ಕಳ್ಳ ಎಂಬುವನೇ ಇರಲಿಲ್ಲ. ಇಲ್ಲಿಗೇ ಮುಗಿದಿದ್ದರೆ ಅವಳಿಗೂ ಸಂತೋಷವೇ.

ಆದರೆ ಇನ್ನೊಂದು ಹಾಸು ಅವಳ ಚೀಲದಲ್ಲಿತ್ತು. ಅದು ಯಾರದು? ಕರಬಸಪ್ಪನವರನ್ನು ಕೇಳಿದಳು. ನಮ್ಮತ್ತೆ ಇನ್ನೊಂದು ಹೊಲಿದದ್ದು ನನಗೆ ಗೊತ್ತಿಲ್ಲ, ನೀಲವ್ವ ಬರಲಿ ಎಂದು ಅವರು ಕವಡೆ ಎತ್ತಿಕೊಂಡರು.

ಹೊರಬಾಗಿಲು ತೆರೆದ ಸದ್ದಾಯಿತು.

ಮೊದಲು ಒಳಗೆ ಬಂದವಳು ಇಂಚರಾ. ಅವಳ ಮುಖ ನೋಡಿ ಸುಚೇತಾ ಒಲೆ ಆರಿಸಿದಳು. ಹಿಂದಿನಿಂದ ನೀಲಮ್ಮನವರು ಗೋಡೆ ಹಿಡಿದುಕೊಂಡು ಬಂದರು. ಹಯವದನರು ಎದ್ದು ನಿಂತರು. ಅವರನ್ನು ಕಂಡೂ ಕಾಣದವರಂತೆ ನೀಲಮ್ಮನವರು ನೇರವಾಗಿ ಮೇಜಿಗೆ ಬಂದು, ಹರಡಿದ ಹಾಸನ್ನು ನೋಡಿ, ಸುಚೇತಾಳ ಕಡೆ ಕೈ ಚಾಚಿದರು.

“ಅದನ್ನೂ ಕೊಡು.”

ಸುಚೇತಾ ಚೀಲದಲ್ಲಿದ್ದದ್ದನ್ನು ತೆಗೆದು ಕೊಟ್ಟಳು. ನೀಲಮ್ಮನವರು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು.

“ಎರಡೂ ನಮ್ಮವ್ವನ ಕೈಯಾವ. ಮೊದಲನೇದು ನನಗ ಹೊಲದ್ಲು. ಅದರಾಗ ಒಂದ ಕಟ್ಟಿ ಬಿಟ್ಟಿತು. ಎರಡನೇದು ತಪ್ಪಿಲ್ಲದಂಗ ನನ್ನ ತಂಗಿಗೆ ಹೊಲದ್ಲು.”

“ಮಹಾದೇವಿಗೆ?” ಎಂದರು ಕರಬಸಪ್ಪ. ಅವರ ದನಿ ಮೆತ್ತಗಾಯಿತು. “ಆಕಿ ನಮ್ಮ ಲಗ್ನಕ್ಕಿಂತ ಮೊದಲ ತೀರಿಕೊಂಡಾಳಲ್ಲ.”

“ಹಂಗಂತ ನಮ್ಮಪ್ಪ ಹೇಳಿದ್ದ. ಪುಣೆದಾಗ ಓದಾಕ ಹೋದಾಕಿ ಬ್ಯಾನಿ ಬಂದು ಸತ್ಲು ಅಂತ. ನಾವೆಲ್ಲಾ ನಂಬಿದ್ವಿ.” ನೀಲಮ್ಮನವರು ಹಾಸಿನ ಅಂಚನ್ನು ನೇವರಿಸಿದರು. “ಹೋದ ಐತವಾರ ಇದನ್ನ ಮುಟ್ಟಿದ ಕೂಡ್ಲೆ ನನಗ ತಿಳೀತು. ಇದು ಆಕೀದು. ಸತ್ತಾಕಿ ಹಾಸು ಲೀಡ್ಸಿಗೆ ಹೆಂಗ ಬಂತು? ಅದನ್ನ ಕೇಳಾಕ ಬಂದೆ.”

ಇಂಚರಾ ಅಮ್ಮನ ಬಳಿ ಬಂದು ನಿಂತಿದ್ದಳು. ಅಂಗಡಿಯಲ್ಲಿ ಆದದ್ದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಹಿಂದುಗಡೆ ಹಳೆಯ ಆಟಗಳನ್ನು ಜೋಡಿಸುತ್ತ ಒಬ್ಬ ಮುದುಕಿ ಇದ್ದರು, ಬಿಳಿ ಕೂದಲು, ಕೊರಳಲ್ಲಿ ಅಂಗಡಿಯ ಗುರುತಿನ ಚೀಟಿ. ನೀಲಮ್ಮಜ್ಜಿಯನ್ನು ನೋಡಿ ಅವರ ಕೈಯಿಂದ ಪೆಟ್ಟಿಗೆ ಜಾರಿ, ಜೋಡಿಸಿ ಆಡುವ ಚಿತ್ರದ ತುಂಡುಗಳೆಲ್ಲ ನೆಲದ ತುಂಬ ಹರಡಿದವು. ಇಬ್ಬರೂ ಏನೋ ಮಾತಾಡಿದರು. ಅಷ್ಟು ವೇಗದ ಕನ್ನಡ ತನಗೆ ಹಿಡಿಯಲಿಲ್ಲ. ಆಮೇಲೆ ಆ ಮುದುಕಿ ಕೋಟು ಎತ್ತಿಕೊಂಡು ಹಿಂಬಾಗಿಲಿನಿಂದ ಹೊರಟುಹೋದರು. ತಾನು ಓಡಿಹೋಗಿ ನೋಡುವಷ್ಟರಲ್ಲಿ ಬಸ್ಸೊಂದು ಹೊರಡುತ್ತಿತ್ತು.

“ಅಂಗಡಿಯವರಿಗೆ ಅವರ ವಿಳಾಸ ಗೊತ್ತಿರುತ್ತೆ,” ಎಂದಳು ಸುಚೇತಾ. “ಹುಡುಕೋಣ, ಆಂಟಿ. ಅವರು ಏನಂದರು?”

ನೀಲಮ್ಮನವರು ಮಡಿಲಿನ ಹಾಸನ್ನು ಮಡಿಸಿದರು. ಅವರ ಕಣ್ಣು ಒಣಗಿತ್ತು.

“ನಾ ಮಹಾದೇವಿ ಅಂದೆ. ಆಕಿ ನನ್ನ ಮಾರಿ ನೋಡಿ, ಅಕ್ಕಾ ನೀ ಸತ್ತೀ ಅಂತ ಹೇಳಿದ್ರಲ್ಲ, ಅಂದ್ಲು. ನಮ್ಮವ್ವ ಹೋದ ಸುದ್ದಿ ಯಾರೋ ಹೇಳಿದ್ರಂತ. ಹೆಂಗೋ ನಂಬರ್ ಹುಡುಕಿ ನಮ್ಮ ವುಲ್ವರ್‌ಹ್ಯಾಂಪ್ಟನ್ ಮನೀಗೆ ಫೋನ್ ಮಾಡಿದ್ಲಂತ. ಎತ್ತಿದವರು, ನೀಲಮ್ಮ ತೀರಿಕೊಂಡಾಳ, ಇನ್ನ ಫೋನ್ ಮಾಡಬ್ಯಾಡ್ರಿ ಅಂದ್ರಂತ.”

“ಯಾರು ಎತ್ತಿದ್ದು?”

“ಗಂಡಸರ ದನಿ. ಕನ್ನಡದಾಗ ಮಾತಾಡಿದ್ರಂತ.”

ಎಲ್ಲರ ಕಣ್ಣೂ ಕರಬಸಪ್ಪನವರ ಮೇಲೆ ಹೋಯಿತು. ಅವರು ತಲೆ ಅಲ್ಲಾಡಿಸಿದರು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ.

“ನಾ ಅಲ್ಲ, ನೀಲವ್ವ. ನಿಮ್ಮವ್ವ ತೀರಿಕೊಂಡಾಗ ನಾವಿಬ್ರೂ ಊರಾಗ ಇದ್ವಿ. ನೀನ ನೆನಪ ಮಾಡಿಕೋ. ದಿವಸದ ಕಾರ್ಯ ಮುಗಿಸಿಕೊಂಡ ಬಂದ್ವಿ. ಆವಾಗ ಇಲ್ಲಿ ಮನಿ ಖಾಲಿ ಇತ್ತು. ಫೋನ್ ಎತ್ತಾಕ ಯಾರಿದ್ರು?”

ಹಯವದನರು ನಿಂತಲ್ಲೇ ನಿಂತಿದ್ದರು. ಮುಂದಿನ ಗರ ಅವರದಾಗಿತ್ತು. ಮುಷ್ಟಿಯಲ್ಲಿದ್ದ ಕವಡೆಗಳನ್ನು ಅವರು ಬೀಸಲಿಲ್ಲ. ಒಂದೊಂದಾಗಿ ಮೇಜಿನ ಅಂಚಿನ ಮೇಲೆ ಇಟ್ಟರು.

“ಮನೆ ಖಾಲಿ ಇರಲಿಲ್ಲ, ಕರಬಸಪ್ಪ,” ಎಂದರು. “ಆಗಿನ್ನೂ ನಮ್ಮ ನಡುವೆ ಮಾತಿತ್ತು, ನೀನೇ ಕೀಲಿ ನನ್ನ ಹತ್ತಿರ ಕೊಟ್ಟು ಹೋಗಿದ್ದೆ. ಫೋನ್ ಎತ್ತಿದ್ದು ನಾನೇ.”